ಅಚ್ಚಾದ ಮಾತು ಆಪ್ತವಾಕ್ಯವೆ?

ಮನುಷ್ಯನು ತನ್ನ ಕಣ್ಣಿನಿಂದ ಕಂಡು ತಿಳಿಯುವುದು ಅತ್ಯಲ್ಪ. ಕೇಳಿ ನಂಬುವುದೇ ಬಹಳ. ನಮ್ಮ ತಾಲ್ಲೂಕಿನ ಗಡಿಯಾಚೆ ನಿನ್ನೆ ಏನು ನಡೆಯಿತೆಂಬುದನ್ನು ನಾವಾರೂ ನೋಡಿದವರಲ್ಲ. ಆದರೂ ದೆಹಲಿಯ ವಿಚಾರವಾಗಿ, ದೂರದೇಶದ ಯುದ್ಧದ ವಿಚಾರವಾಗಿ, ಕಣ್ಣಾರೆ ಕಂಡವರಂತೆ ವಾದ ಮಾಡುತ್ತೇವೆ. ಇದಕ್ಕೆ ಆಧಾರ ಪರರ ಮಾತು. ಹಿಂದೆ ಈ ಮಾತನ್ನು ಸಂತೆಗೆ ಹೋಗಿ ಬಂದವರು ತರುತ್ತಿದ್ದರು. ಆ ಬಳಿಕ ವೃತ್ತಪತ್ರಿಕೆಯೂ ರೇಡಿಯೋವೂ ತಂದವು. ಇಂದು ದೂರದರ್ಶನದ ಪರದೆಯೂ ಅಂಗೈಯೊಳಗಿನ ಮೊಬೈಲೂ ಗಳಿಗೆಗಳಿಗೆಗೆ ತರುತ್ತಿವೆ. ತರುವ ವಾಹನ ಬದಲಾಯಿತೇ ಹೊರತು, ತಂದ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆ ಬದಲಾಗಲಿಲ್ಲ.

ಈ ಪ್ರಶ್ನೆಯನ್ನು ನಮ್ಮ ಪ್ರಾಚೀನ ತಾರ್ಕಿಕರು ಬಹು ಹಿಂದೆಯೇ ವಿಚಾರಿಸಿದ್ದಾರೆ. ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ. ಇವುಗಳಲ್ಲಿ ಕೊನೆಯದಾದ ಶಬ್ದವೆಂದರೆ ಯಾರೋ ಆಡಿದ ಮಾತಲ್ಲ. ಅದು ಆಪ್ತನ ಮಾತು. ಆಪ್ತನೆಂದರೆ ನಮಗೆ ಬೇಕಾದವನೆಂದೂ ಅರ್ಥವಲ್ಲ. ವಿಷಯವನ್ನು ನೇರವಾಗಿ ಅರಿತವನಾಗಿ, ಅರಿತುದನ್ನು ಅರಿತಂತೆಯೇ ಹೇಳುವ ಇಚ್ಛೆಯುಳ್ಳವನೇ ಆಪ್ತನು. ಆದುದರಿಂದ ಯಾವ ಸುದ್ದಿ ಕೈಗೆ ಬಂದರೂ ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಹೇಳಿದವನಿಗೆ ಅದು ಗೊತ್ತಿತ್ತೆ? ಗೊತ್ತಿದ್ದುದನ್ನು ಇದ್ದ ಹಾಗೆ ಹೇಳುವ ಮನಸ್ಸು ಅವನಿಗಿತ್ತೆ? ಈ ಎರಡು ಪ್ರಶ್ನೆಗಳನ್ನು ಒಂದು ನಿಜವಾದ ಘಟನೆಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ. ಬರಿಯ ಉಪದೇಶಕ್ಕಿಂತ ಉದಾಹರಣೆ ಮೇಲೆಂದು ಭಾವಿಸಿ, ನಾವೆಲ್ಲರೂ ಚರಿತ್ರೆಯ ಪಾಠದಲ್ಲಿ ಓದಿರುವ ಜಲಿಯನ್‌ವಾಲಾ ಬಾಗಿನ ಪ್ರಕರಣವನ್ನು ಆರಿಸಿಕೊಂಡಿದ್ದೇನೆ.

ನಡೆದ ಸಂಗತಿ

1919ರ ಏಪ್ರಿಲ್ 13, ವೈಶಾಖಿ ಹಬ್ಬದ ದಿನ. ಪಂಜಾಬಿನ ಅಮೃತಸರದಲ್ಲಿ ಸುತ್ತ ಮನೆಗಳ ಗೋಡೆಗಳಿಂದ ಆವೃತವಾದ ಬಯಲೊಂದರಲ್ಲಿ ಸಾವಿರಾರು ಜನರು ಸೇರಿದ್ದರು. ಸಭೆ ಸೇರಬಾರದೆಂದು ಆ ದಿನ ಬೆಳಗ್ಗೆ ಸಾರಲಾಗಿತ್ತು. ಆದರೆ ಆ ಡಂಗುರ ಊರಿನ ಎಲ್ಲ ಭಾಗಗಳನ್ನೂ ಮುಟ್ಟಿರಲಿಲ್ಲ. ಸಂಜೆ ಬ್ರಿಗೇಡಿಯರ್ ಜನರಲ್ ಡಯರನು ಸೈನಿಕರೊಡನೆ ಬಂದು, ಯಾವ ಎಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸಲು ಆಜ್ಞೆಮಾಡಿದನು. ಸುಮಾರು ಹತ್ತು ನಿಮಿಷಗಳಲ್ಲಿ 1,650 ಗುಂಡುಗಳು ಹಾರಿದವು. ಗಾಯಾಳುಗಳಿಗೆ ಯಾವ ಏರ್ಪಾಡನ್ನೂ ಮಾಡದೆ ಸೈನ್ಯ ಹಿಂದಿರುಗಿತು.

ಇಷ್ಟರ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೂ ಇದೇ ಘಟನೆ ಒಂದು ಪತ್ರಿಕೆಯಲ್ಲಿ ಘೋರಪಾತಕವಾಗಿ, ಮತ್ತೊಂದರಲ್ಲಿ ರಾಜ್ಯರಕ್ಷಣೆಯ ಧೀರಕಾರ್ಯವಾಗಿ ಕಾಣಿಸಿಕೊಂಡಿತು. ಹೀಗಾಗಲು ಸುಳ್ಳು ಹೇಳುವುದೇ ಬೇಕಾಗಿರಲಿಲ್ಲ ಎಂಬುದೇ ಇಲ್ಲಿ ನಾವು ಗಮನಿಸತಕ್ಕ ಮುಖ್ಯ ವಿಚಾರ. ಪಕ್ಷಪಾತವು ಸುಳ್ಳಿನಲ್ಲಿ ಅಡಗಿರುವುದಕ್ಕಿಂತ ಹೆಚ್ಚಾಗಿ ಮೌನದಲ್ಲಿ, ಕಥೆಯ ಆರಂಭದಲ್ಲಿ, ಹೆಸರಿನಲ್ಲಿ, ವ್ಯಾಕರಣದಲ್ಲಿ ಅಡಗಿರುತ್ತದೆ. ಅವನ್ನು ಒಂದೊಂದಾಗಿ ನೋಡೋಣ.

ಮೌನದ ಪಕ್ಷಪಾತ

ಅಮೃತಸರದಲ್ಲಿ ಗುಂಡು ಹಾರಿದ ಮರುದಿನ ಪತ್ರಿಕೆ ಬಿಚ್ಚಿದವನಿಗೆ ನಡೆದುದರ ಪೂರ್ಣ ವಿವರ ಸಿಗಲಿಲ್ಲ. ಪಂಜಾಬಿನಲ್ಲಿ ಸೈನಿಕ ಕಾನೂನು ಜಾರಿಗೆ ಬಂದಿತು. ಸುದ್ದಿಯ ಮೇಲೆ ಕಟ್ಟುನಿಟ್ಟಾದ ಕಾವಲು ಬಿದ್ದಿತು. ಮುಂಬಯಿಯ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕರಾದ ಬಿ. ಜಿ. ಹಾರ್ನಿಮನ್ನರನ್ನು ಅದೇ ಏಪ್ರಿಲ್ ತಿಂಗಳಿನಲ್ಲಿ ಗಡೀಪಾರು ಮಾಡಿ ಇಂಗ್ಲೆಂಡಿಗೆ ಕಳುಹಿಸಿದರು. ಲಾಹೋರಿನ ‘ಟ್ರಿಬ್ಯೂನ್’ ಪತ್ರಿಕೆಯ ಸಂಪಾದಕರಾದ ಕಾಳೀನಾಥ ರಾಯರಿಗೆ ಸೆರೆಮನೆಯ ಶಿಕ್ಷೆಯಾಯಿತು. ರವೀಂದ್ರನಾಥ ಠಾಕೂರರು ಮೇ ತಿಂಗಳ ಕೊನೆಯಲ್ಲಿ ತಮ್ಮ ‘ಸರ್’ ಪದವಿಯನ್ನು ತ್ಯಜಿಸಿ ವೈಸರಾಯರಿಗೆ ಪತ್ರ ಬರೆದಾಗಲೂ, ಪಂಜಾಬಿನ ಸಂಕಟದ ಸುದ್ದಿ ದೇಶಕ್ಕೆ ಸೋರಿ ಸೋರಿ ಬರುತ್ತಿದ್ದಿತೇ ಹೊರತು ನೇರವಾಗಿ ಹರಿದು ಬರುತ್ತಿರಲಿಲ್ಲ. ಇಂಗ್ಲೆಂಡಿನ ಸಾಮಾನ್ಯ ಓದುಗರಿಗೆ ವಿವರಗಳು ದೊರೆತುದು 1919ರ ಡಿಸೆಂಬರಿನಲ್ಲಿ, ಎಂದರೆ ಎಂಟು ತಿಂಗಳಾದ ಮೇಲೆ.

ಆ ಎಂಟು ತಿಂಗಳು ಅಲ್ಲಿಯ ಓದುಗನು ದಿನವೂ ಪತ್ರಿಕೆಯನ್ನು ಓದಿದನು. ಅವನು ಓದಿದುದು ಸುಳ್ಳೆಂದು ಹೇಳಲಾಗದು. ಆದರೆ ಓದಬೇಕಾಗಿದ್ದುದು ಅದರಲ್ಲಿ ಇರಲಿಲ್ಲ. ಪುಟದ ಮೇಲೆ ಇರುವುದನ್ನು ಪರೀಕ್ಷಿಸುವುದು ಸುಲಭ. ಇಲ್ಲದಿರುವುದನ್ನು ಊಹಿಸುವುದು ಕಷ್ಟ. ಆದ್ದರಿಂದ ಒಂದು ಊರಿನಿಂದ ಸುದ್ದಿಯೇ ಬಾರದಾದಾಗ ಅಲ್ಲಿ ಎಲ್ಲವೂ ಸುಖವೆಂದು ತಿಳಿಯದೆ, ಬಾರದಿರುವುದಕ್ಕೆ ಕಾರಣವೇನೆಂದು ಕೇಳುವುದು ಒಳ್ಳೆಯ ಓದುಗನ ಮೊದಲ ಲಕ್ಷಣ.

ಕಥೆಯ ಆರಂಭ ಎಲ್ಲಿಂದ?

ಜಗಳವನ್ನು ಬಿಡಿಸಲು ಹೋದವರಿಗೆಲ್ಲ ಗೊತ್ತಿರುವ ಮಾತಿದು: ಇಬ್ಬರೂ ನಿಜವನ್ನೇ ಹೇಳುತ್ತಾರೆ, ಆದರೆ ಪ್ರತಿಯೊಬ್ಬನೂ ಎದುರಾಳಿ ಮಾಡಿದ ತಪ್ಪಿನಿಂದಲೇ ಕಥೆಯನ್ನು ಆರಂಭಿಸುತ್ತಾನೆ. ಡಯರನ ಪರವಾಗಿ ಬರೆದವರು ಏಪ್ರಿಲ್ 10ರಿಂದ ಆರಂಭಿಸಿದರು. ಆ ದಿನ ಅಮೃತಸರದಲ್ಲಿ ಗುಂಪು ಬ್ಯಾಂಕುಗಳಿಗೆ ನುಗ್ಗಿತು; ಊರಿನಲ್ಲಿ ಒಟ್ಟು ಐವರು ಯೂರೋಪಿಯನರನ್ನು ಕೊಂದಿತು. ಮಾರ್ಸೆಲಾ ಷೆರ್ವುಡ್ ಎಂಬ ಪಾದ್ರಿಸಂಘದ ಮಹಿಳೆಯನ್ನು ಬೀದಿಯಲ್ಲಿ ಹೊಡೆದು ಕೆಡವಿತು. ಇದು ನಿಜ. ಇಲ್ಲಿಂದ ಕಥೆ ಕೇಳಿದವನಿಗೆ 13ನೆಯ ತಾರೀಖಿನ ಗುಂಡು ಒಂದು ಉತ್ತರದಂತೆ ತೋರುತ್ತದೆ.

ಆದರೆ ಅದೇ 10ನೆಯ ತಾರೀಖಿನ ಬೆಳಗ್ಗೆ ಏನಾಗಿತ್ತು? ಊರಿನ ಮುಖಂಡರಾದ ಡಾಕ್ಟರ್ ಸೈಫುದ್ದೀನ್ ಕಿಚ್ಲು ಮತ್ತು ಡಾಕ್ಟರ್ ಸತ್ಯಪಾಲರನ್ನು ಸರಕಾರ ಹಿಡಿದು ಹೊರಗೆ ಸಾಗಿಸಿತ್ತು. ಅವರ ಬಿಡುಗಡೆಯನ್ನು ಕೇಳಲು ಹೊರಟ ಜನರ ಮೇಲೆ ರೈಲುಸೇತುವೆಯ ಬಳಿ ಗುಂಡು ಹಾರಿಸಲಾಗಿತ್ತು. ಬ್ಯಾಂಕುಗಳ ಮೇಲೆ ದಾಳಿಯಾದುದು ಅದಾದ ಮೇಲೆ. ಇನ್ನೂ ಹಿಂದಕ್ಕೆ ಹೋದರೆ, ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶ ಕೊಡುವ ರೌಲಟ್ ಕಾಯಿದೆಯನ್ನು ಆ ವರ್ಷದ ಮಾರ್ಚಿಯಲ್ಲಿ ಅಂಗೀಕರಿಸಲಾಗಿತ್ತು. ನಮ್ಮವರು ಇಲ್ಲಿಂದ ಕಥೆಯನ್ನು ಆರಂಭಿಸಿ, ಕೆಲವು ವೇಳೆ ಆ ಐವರ ಕೊಲೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿಬಿಡುವುದುಂಟು. ಅದೂ ಸಲ್ಲದು. ಸರಪಳಿಯನ್ನು ಪೂರ್ತಿ ಎಳೆದು ನೋಡಿದಾಗ ಐವರ ಕೊಲೆ ಅಪರಾಧವಾಗಿಯೇ ಉಳಿಯುತ್ತದೆ; ಮೂರು ದಿನಗಳ ಮೇಲೆ ಬೇರೊಂದು ಜಾಗದಲ್ಲಿ ನಿರಾಯುಧರಾಗಿ ಕುಳಿತಿದ್ದವರನ್ನು ಕೊಲ್ಲಲು ಅದು ಕಾರಣವಾಗಲಾರದೆಂಬುದೂ ಸ್ಪಷ್ಟವಾಗುತ್ತದೆ.

ಹೆಸರು ಮತ್ತು ವ್ಯಾಕರಣ

ಸರಕಾರದ ಕಾಗದಪತ್ರಗಳಲ್ಲಿ ಈ ಪ್ರಕರಣ ‘ಪಂಜಾಬಿನ ಗಲಭೆ’ಗಳಲ್ಲಿ ಒಂದು. ವಿಚಾರಣೆಗಾಗಿ ಲಾರ್ಡ್ ಹಂಟರರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯ ಹೆಸರೂ ಗಲಭೆಗಳ ವಿಚಾರಣಾ ಸಮಿತಿ. ನಾವು ಅದನ್ನು ಹತ್ಯಾಕಾಂಡವೆನ್ನುತ್ತೇವೆ. ಗಲಭೆಯೆಂದೊಡನೆ ತಪ್ಪು ಜನರದಾಗುತ್ತದೆ. ಹತ್ಯಾಕಾಂಡವೆಂದೊಡನೆ ಗುಂಡು ಹಾರಿಸಿದವನದಾಗುತ್ತದೆ. ವಾದವೇ ನಡೆಯದೆ, ಹೆಸರಿಡುವುದರಲ್ಲಿಯೇ ತೀರ್ಪು ಮುಗಿದಿರುತ್ತದೆ. ಎಲ್ಲ ಹೆಸರುಗಳೂ ಸಮವೆಂದು ಇದರ ಅರ್ಥವಲ್ಲ. ನಡೆದ ಕೃತ್ಯಕ್ಕೆ ಯಾವ ಹೆಸರು ಒಪ್ಪುತ್ತದೆಂಬುದನ್ನು ಓದುಗನು ತಾನೇ ತೂಗಿ ನೋಡಬೇಕು.

ನಮ್ಮ ಕನ್ನಡದ ಕ್ರಿಯಾಪದಗಳೂ ಇಂಥ ಕೆಲಸ ಮಾಡಬಲ್ಲವು. ‘ಗುಂಡು ಹಾರಿತು, ಜನರು ಸತ್ತರು’ ಎಂಬ ವಾಕ್ಯದಲ್ಲಿ ಹಾರಿಸಿದವನೇ ಇಲ್ಲ. ‘ಸೈನಿಕರು ಗುಂಡು ಹಾರಿಸಿದರು, ಜನರನ್ನು ಕೊಂದರು’ ಎಂದರೆ ಕರ್ತೃ ಎದುರಿಗೆ ಬಂದು ನಿಲ್ಲುತ್ತಾನೆ. ಈ ಲೇಖನದಲ್ಲಿಯೇ ನಾನು ‘1,650 ಗುಂಡುಗಳು ಹಾರಿದವು’ ಎಂದು ಬರೆದಿರುವುದನ್ನು ವಾಚಕರು ಗಮನಿಸಿರಬಹುದು. ಹಿಂದಿನ ವಾಕ್ಯದಲ್ಲಿ ಆಜ್ಞೆಮಾಡಿದವನ ಹೆಸರು ಇರದಿದ್ದರೆ ಅದೊಂದು ನುಣುಚಿಕೊಳ್ಳುವ ಮಾತಾಗುತ್ತಿತ್ತು. ಹಾಗೆಯೇ ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಮೂಲಗಳು ಹೇಳಿವೆ’ ಎಂಬ ಮಾತುಗಳನ್ನು ಕಂಡಲ್ಲಿ ನಿಲ್ಲಬೇಕು. ಎಂದವರು ಯಾರು? ತಿಳಿದುದು ಯಾರಿಂದ? ಶಾಲೆಯಲ್ಲಿ ವಾಕ್ಯವನ್ನು ಕೊಟ್ಟು ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗುರುತಿಸಿರೆಂದು ಕೇಳುತ್ತಿದ್ದರು. ಆ ಅಭ್ಯಾಸವನ್ನು ಪತ್ರಿಕೆಯ ಮುಖಪುಟದ ಮೇಲೆ ಮುಂದುವರಿಸಿದರೆ ಅದರಿಂದಾಗುವ ಪ್ರಯೋಜನ ಅಪಾರ.

ಪಕ್ಷವು ಹುಟ್ಟಿನಿಂದ ಬರುವುದಲ್ಲ

ಇಂಗ್ಲಿಷರೆಲ್ಲ ಡಯರನ ಕಡೆ, ಭಾರತೀಯರೆಲ್ಲ ಎದುರು ಕಡೆ ಎಂದು ಗೆರೆ ಎಳೆಯುವುದು ಸುಲಭ. ಆದರೆ ಅದು ಸತ್ಯವಲ್ಲ. 1920ರಲ್ಲಿ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಡಯರನಿಗಾಗಿ ನಿಧಿಯನ್ನು ತೆರೆದು 26,000 ಪೌಂಡುಗಳಿಗೂ ಮಿಕ್ಕಿ ಹಣ ಕೂಡಿಸಿತು. ಅದೇ ದೇಶದ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆ ಅವನ ಕೃತ್ಯವನ್ನು ಖಂಡಿಸಿತು. ಆ ವರ್ಷದ ಜುಲೈ ತಿಂಗಳಿನಲ್ಲಿ ಕಾಮನ್ಸ್ ಸಭೆಯಲ್ಲಿ ಚರ್ಚಿಲ್ಲರು ಅದನ್ನು ಪೈಶಾಚಿಕವೆಂಬ ಅರ್ಥ ಬರುವಂತೆ ಬಣ್ಣಿಸಿದರು. ಕೆಲವೇ ದಿನಗಳ ಮೇಲೆ ಲಾರ್ಡ್ಸ್ ಸಭೆ 129ಕ್ಕೆ 86 ಮತಗಳಿಂದ ಡಯರನ ಪರವಾದ ನಿರ್ಣಯವನ್ನು ಅಂಗೀಕರಿಸಿತು. ಗಡೀಪಾರಾದ ಹಾರ್ನಿಮನ್ನರೂ ಇಂಗ್ಲಿಷರೇ ಎಂಬುದನ್ನು ಮರೆಯಬಾರದು. ಆದಕಾರಣ ಬರೆದವನ ಕುಲ, ಭಾಷೆ, ದೇಶಗಳನ್ನು ತಿಳಿದ ಮಾತ್ರಕ್ಕೆ ಅವನ ಮಾತಿನ ಬೆಲೆ ತಿಳಿಯಿತೆಂದು ಭಾವಿಸುವುದೂ ಒಂದು ಬಗೆಯ ಪಕ್ಷಪಾತವೇ.

ಸತ್ಯವು ನಡುದಾರಿಯಲ್ಲಿ ಇರುವುದೆ?

ಇಷ್ಟನ್ನು ಕೇಳಿದ ಮೇಲೆ ಕೆಲವರು, ‘ಎಲ್ಲರದೂ ಒಂದೊಂದು ದೃಷ್ಟಿ, ಯಾರನ್ನೂ ನಂಬುವ ಹಾಗಿಲ್ಲ’ ಎಂದು ಕೈಚೆಲ್ಲುವುದುಂಟು. ಮತ್ತೆ ಕೆಲವರು ‘ಎರಡು ಕಡೆಯ ಮಾತನ್ನೂ ಕೂಡಿಸಿ ಅರ್ಧ ಮಾಡಿದರೆ ಸತ್ಯ ಸಿಗುತ್ತದೆ’ ಎನ್ನುತ್ತಾರೆ. ಇವೆರಡೂ ಸೋಮಾರಿತನದ ಮಾರ್ಗಗಳು. ಕುರುಡರು ಆನೆಯನ್ನು ಮುಟ್ಟಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಕಂಬವೆಂದವನೂ ಮೊರವೆಂದವನೂ ತಾವು ಮುಟ್ಟಿದುದನ್ನೇ ಪ್ರಾಮಾಣಿಕವಾಗಿ ಹೇಳಿದರು. ಆದರೆ ಸುದ್ದಿಯ ಲೋಕದಲ್ಲಿ ಆನೆಯನ್ನು ಮುಟ್ಟದೆಯೇ ಮಾತನಾಡುವವರೂ ಉಂಟು. ಆನೆಯ ವ್ಯಾಪಾರದಲ್ಲಿ ಪಾಲುಳ್ಳವರೂ ಉಂಟು. ಎಲ್ಲರಿಗೂ ಸಮನಾದ ಪೀಠ ಕೊಡುವುದು ನ್ಯಾಯವಲ್ಲ.

ಸತ್ತವರ ಸಂಖ್ಯೆಯನ್ನೇ ನೋಡಿರಿ. ಸರಕಾರ ಕೊನೆಗೆ ಒಪ್ಪಿದ ಲೆಕ್ಕ 379. ಕಾಂಗ್ರೆಸ್ಸಿನ ಅಂದಾಜು ಸುಮಾರು 1,000. ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದು ಸತ್ಯವಲ್ಲ, ಬರಿಯ ಲೆಕ್ಕ. ಸಂಖ್ಯೆಯನ್ನು ಹೇಗೆ ಎಣಿಸಿದರು, ಎಣಿಸುವವರಿಗೆ ಏನು ಅಡ್ಡಿಯಿತ್ತು ಎಂದು ಕೇಳಬೇಕು. ಆ ರಾತ್ರಿ ಊರಿನಲ್ಲಿ ಯಾರೂ ಹೊರಗೆ ಬರಬಾರದೆಂಬ ಆಜ್ಞೆ ಜಾರಿಯಲ್ಲಿತ್ತು. ಹಬ್ಬಕ್ಕೆಂದು ಹೊರ ಹಳ್ಳಿಗಳಿಂದ ಬಂದಿದ್ದವರು ಬಹಳ. ಲೆಕ್ಕ ನಡೆದುದು ತಿಂಗಳುಗಳು ಕಳೆದ ಮೇಲೆ. ಇಂಥ ಸ್ಥಿತಿಯಲ್ಲಿ ಹೆಸರು ಸಿಕ್ಕವರ ಸಂಖ್ಯೆ ಸತ್ತವರ ಸಂಖ್ಯೆಗಿಂತ ಕಡಿಮೆಯಿರುವುದೇ ಸಹಜ. ಆದ್ದರಿಂದ 379ನ್ನು ‘ಇಷ್ಟಕ್ಕೆ ಕಡಿಮೆಯಿಲ್ಲ’ ಎಂದೂ, 1,000ವನ್ನು ಅಂದಾಜೆಂದೂ ಓದುವುದು ವಿವೇಕ.

ಹಾಗಾದರೆ ಕಾಲೂರಲು ಗಟ್ಟಿಯಾದ ನೆಲವೇ ಇಲ್ಲವೆ? ಇದೆ. ಮೊದಲನೆಯದಾಗಿ, ಒಬ್ಬನು ತನಗೆ ಪ್ರತಿಕೂಲವಾಗಿ ತಾನೇ ಒಪ್ಪಿಕೊಂಡ ಮಾತು. ಡಯರನು ಹಂಟರ್ ಸಮಿತಿಯ ಮುಂದೆ, ತಾನು ಎಚ್ಚರಿಕೆ ಕೊಡಲಿಲ್ಲವೆಂದೂ, ಸಂದಿ ಅಗಲವಾಗಿದ್ದು ಯಂತ್ರಬಂದೂಕಿನ ಗಾಡಿಗಳು ಒಳಗೆ ಹೋಗುವಂತಿದ್ದರೆ ಅವನ್ನೂ ಬಹುಶಃ ಬಳಸುತ್ತಿದ್ದೆನೆಂದೂ, ಪಂಜಾಬಿನ ಉಳಿದ ಜನರ ಮನಸ್ಸಿನ ಮೇಲೆ ಪರಿಣಾಮವಾಗಬೇಕೆಂಬುದು ತನ್ನ ಉದ್ದೇಶವಾಗಿತ್ತೆಂದೂ ಹೇಳಿದನು. ಇದು ವೈರಿಗಳು ಹೊರಿಸಿದ ಆರೋಪವಲ್ಲ, ಅವನದೇ ನುಡಿ. ಎರಡನೆಯದಾಗಿ, ಪರಸ್ಪರ ವಿರೋಧಿಗಳು ಇಬ್ಬರೂ ಒಪ್ಪುವ ಸಂಗತಿ. ಹಂಟರ್ ಸಮಿತಿಯಲ್ಲಿ ಐವರು ಇಂಗ್ಲಿಷರು, ಮೂವರು ಭಾರತೀಯರು. 1920ರಲ್ಲಿ ಅವರು ಬೇರೆ ಬೇರೆ ವರದಿಗಳನ್ನು ಒಪ್ಪಿಸಿದರು. ಪಂಜಾಬಿನಲ್ಲಿ ನಡೆದುದು ದಂಗೆಯೆ, ಅಲ್ಲವೆ, ಸೈನಿಕ ಕಾನೂನು ಅಗತ್ಯವಾಗಿತ್ತೆ ಎಂಬ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿತ್ತು. ಆದರೆ ಎಚ್ಚರಿಕೆಯಿಲ್ಲದೆ ಗುಂಡು ಹಾರಿಸಿದುದೂ, ಜನರು ಓಡತೊಡಗಿದ ಮೇಲೂ ನಿಲ್ಲಿಸದಿದ್ದುದೂ ತಪ್ಪೆಂದು ಎರಡು ವರದಿಗಳೂ ಹೇಳಿದವು. ಹೀಗೆ ವಿರೋಧಿಗಳು ಕೂಡುವ ಜಾಗದಲ್ಲಿ ನಾವು ಧೈರ್ಯದಿಂದ ಕಾಲಿಡಬಹುದು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ನಮ್ಮ ಕಡೆಯ ಮಾತನ್ನು ನಾವೇ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸುವುದು. ಹಂಟರ್ ಸಮಿತಿಯ ಮುಂದೆ ಹೋಗಲೊಪ್ಪದ ಕಾಂಗ್ರೆಸ್ಸು ತಾನೇ ಒಂದು ವಿಚಾರಣೆಯನ್ನು ನಡೆಸಿತು. ಗಾಂಧೀಜಿ, ಚಿತ್ತರಂಜನ ದಾಸ್, ಅಬ್ಬಾಸ್ ತ್ಯಾಬ್ಜಿ, ಎಂ. ಆರ್. ಜಯಕರ್ ಅವರು ಅದರ ಸದಸ್ಯರು. 1,700ಕ್ಕೂ ಹೆಚ್ಚು ಮಂದಿಯ ಹೇಳಿಕೆಗಳನ್ನು ಪರಿಶೀಲಿಸಿ, ಸುಮಾರು 650ನ್ನು ಮಾತ್ರ ಪ್ರಕಟಿಸಿದರು. ಸ್ವಲ್ಪ ಸಂದೇಹವಿದ್ದ ಸಾಕ್ಷ್ಯವನ್ನೂ ಕೈಬಿಡಬೇಕೆಂಬುದು ವರದಿಯ ಕರಡನ್ನು ಬರೆದ ಗಾಂಧೀಜಿಯವರ ಹಟವಾಗಿತ್ತು. ದುಃಖದಿಂದ ಕುದಿಯುತ್ತಿದ್ದ ಕಾಲದಲ್ಲಿ, ತಮಗೆ ಅನುಕೂಲವಾದ ಮಾತನ್ನೇ ಅನುಮಾನಿಸಿ ಬದಿಗಿಡುವುದು ಸಾಮಾನ್ಯ ಸಂಯಮವಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯ ನಿಜವಾದ ಅರ್ಥ ಇದೇ ಎಂದು ನನಗೆ ತೋರುತ್ತದೆ.

ನಮ್ಮ ನಾಡಿನ ಸಂಗತಿ

ಇದು ಪಂಜಾಬಿನ ಮಾತಷ್ಟೇ ಅಲ್ಲ. ನಮ್ಮ ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುತ್ತಾರೆ. 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜವನ್ನು ಹಾರಿಸಲು ಅಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಜನರೆಂಬುದು ಸರಕಾರದ ಲೆಕ್ಕ. ಮೂವತ್ತೆರಡು ಜನರೆಂಬುದು ಜನರ ಲೆಕ್ಕ. ಇಲ್ಲಿ ಗುಂಡು ಹಾರಿಸಿದುದು ಪರದೇಶದ ಸೈನ್ಯವಲ್ಲ. ಆದರೂ ಎರಡು ಲೆಕ್ಕಗಳು ಹುಟ್ಟಿದವು. ಅಧಿಕಾರದಲ್ಲಿರುವವರು ಯಾರೇ ಆಗಲಿ, ತಮ್ಮ ಕೈಯಿಂದಾದ ಅನರ್ಥವನ್ನು ಚಿಕ್ಕದಾಗಿ ಕಾಣುವುದೂ, ನೊಂದವರು ಅದನ್ನು ಮರೆಯದಿರುವುದೂ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ.

ಇಂದಿನ ಓದುಗನ ಹೊಣೆ

1919ರ ಓದುಗನಿಗೆ ಸುದ್ದಿಯ ಕೊರತೆಯಿತ್ತು. ನಮಗೆ ಸುದ್ದಿಯ ಪ್ರವಾಹವಿದೆ. ಅಂದು ಸತ್ಯವನ್ನು ಬಾಗಿಲು ಹಾಕಿ ಬಚ್ಚಿಟ್ಟರು. ಇಂದು ಸಾವಿರ ಮಾತುಗಳ ರಾಶಿಯಲ್ಲಿ ಅದು ತಾನೇ ಮುಚ್ಚಿಹೋಗುತ್ತದೆ. ಯಾವುದೋ ವರ್ಷದ, ಯಾವುದೋ ಊರಿನ ಚಿತ್ರ ಇಂದಿನ ನಮ್ಮ ಊರಿನದೆಂದು ಮೊಬೈಲಿನಲ್ಲಿ ಬರುತ್ತದೆ. ನಡೆಯದೇ ಇದ್ದುದರ ಚಿತ್ರವನ್ನು ಯಂತ್ರವೇ ರಚಿಸಿಕೊಡುತ್ತದೆ. ಜೊತೆಗೆ, ನಾವು ಒಮ್ಮೆ ಮೆಚ್ಚಿ ನೋಡಿದ ಬಗೆಯ ಸುದ್ದಿಯೇ ಮತ್ತೆ ಮತ್ತೆ ಎದುರಿಗೆ ಬರುವುದರಿಂದ, ಲೋಕವೆಲ್ಲ ನಮ್ಮಂತೆಯೇ ಯೋಚಿಸುತ್ತಿದೆಯೆಂಬ ಭ್ರಮೆ ಬೆಳೆಯುತ್ತದೆ. ಆದುದರಿಂದ ದಿನಕ್ಕೆ ಒಂದು ಸುದ್ದಿಯನ್ನಾದರೂ ಎರಡು ಬೇರೆ ಬೇರೆ ಪತ್ರಿಕೆಗಳಲ್ಲಿ ಓದಿ ಹೋಲಿಸುವ ಅಭ್ಯಾಸ ಒಳ್ಳೆಯದು. ನಮ್ಮ ಕಾಲೇಜಿನ ವಾಚನಾಲಯದ ಮೇಜಿನ ಮೇಲೆ ನಾಲ್ಕಾರು ಪತ್ರಿಕೆಗಳು ಇರುವುದು ಇದಕ್ಕಾಗಿಯೇ. ಒಂದು ಬಂದ್ ಒಂದರಲ್ಲಿ ‘ಯಶಸ್ವಿ’ಯಾಗಿಯೂ ಇನ್ನೊಂದರಲ್ಲಿ ‘ನೀರಸ’ವಾಗಿಯೂ ಕಂಡಾಗ, ಯಾವ ಊರಿನಲ್ಲಿ ಎಷ್ಟು ಅಂಗಡಿ ಮುಚ್ಚಿದ್ದವು, ಬಸ್ಸುಗಳು ಓಡಿದುವೆ ಎಂಬ ವಿವರಗಳನ್ನು ಹುಡುಕಿದರೆ ವಿಶೇಷಣಗಳ ಕೆಳಗಿನ ಸಂಗತಿ ಕಾಣುತ್ತದೆ.

ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಅನೇಕರು, ನನ್ನನ್ನೂ ಸೇರಿಸಿ, ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಮನೆಯಲ್ಲಿಯೂ ಊರ ಜಗಲಿಯಲ್ಲಿಯೂ ಹಿರಿಯರು ಸುದ್ದಿಯನ್ನು ಕೇಳುವುದು ನಮ್ಮಿಂದ. ‘ಓದಿದವನು ಹೇಳುತ್ತಾನೆ’ ಎಂಬ ಒಂದೇ ಕಾರಣದಿಂದ ನಮ್ಮ ಮಾತಿಗೆ ಅಲ್ಲಿ ತೂಕ ಬರುತ್ತದೆ. ಒಂದು ಕೇರಿಯವರ ಮೇಲೆ ಇನ್ನೊಂದು ಕೇರಿಯವರಿಗೆ ಸಂಶಯ ಹುಟ್ಟಿಸುವ ಸುದ್ದಿಯನ್ನು ನಾವು ಪರೀಕ್ಷಿಸದೆ ಓದಿ ಹೇಳಿದರೆ, ಅದರ ಫಲವನ್ನು ಅನುಭವಿಸುವವರು ಅದನ್ನು ಅಚ್ಚುಹಾಕಿದವರಲ್ಲ, ನಮ್ಮ ನೆರೆಹೊರೆಯವರು. ಆಪ್ತನಿಗೆ ಎರಡು ಲಕ್ಷಣಗಳೆಂದು ಆರಂಭದಲ್ಲಿ ಹೇಳಿದೆನಷ್ಟೆ. ಆ ಲಕ್ಷಣಗಳನ್ನು ಪತ್ರಿಕೆಯವರಲ್ಲಿ ಹುಡುಕುವುದರ ಜೊತೆಗೆ, ಸುದ್ದಿಯನ್ನು ಮುಂದಕ್ಕೆ ದಾಟಿಸುವ ನಮ್ಮಲ್ಲಿಯೂ ಹುಡುಕಬೇಕು. ‘ಇದು ನನಗೆ ತಿಳಿಯದು, ವಿಚಾರಿಸಿ ನಾಳೆ ಹೇಳುತ್ತೇನೆ’ ಎನ್ನಲು ಪದವೀಧರನು ನಾಚಬೇಕಾಗಿಲ್ಲ. ವಿದ್ಯಾರ್ಥಿ ಮಿತ್ರರು ಈ ಒಂದು ಮಾತನ್ನು ರೂಢಿಸಿಕೊಂಡರೂ, ನಾವು ಇಲ್ಲಿ ಕಳೆದ ಮೂರು ವರ್ಷಗಳು ನಮ್ಮ ಊರುಗಳಿಗೆ ಸಾರ್ಥಕವಾದಾವು.